ಎಂಟು ದಿನದ ವನವಾಸ

ವನವಾಸ ಎಂದರೆ ನಮ್ಮ ಕಡೆ ಕಷ್ಟದ ಮಾತು. "ಆ ಮನೆ ಸೇರಿ ಅವಳಿಗೆ ವನವಾಸವೇ ಆಯ್ತು" ಅಂತ ಮರುಗುತ್ತೇವೆ. ಆದರೆ ಸೋದರಿಯರೇ, ಒಲೆ, ಪಾತ್ರೆ, ಬಂದುಹೋಗುವವರ ಉಪಚಾರ ಎಲ್ಲವನ್ನೂ ಎಂಟು ದಿನ ಬದಿಗಿಟ್ಟು ಗಂಡ ಹೆಂಡತಿ ಇಬ್ಬರೇ ಕಾಡಿನ ದಾರಿ ಹಿಡಿಯುವ ಸುಖದ ವನವಾಸವೂ ಒಂದಿದೆ. 2025ರ ಜನವರಿಯಲ್ಲಿ ನಾವಿಬ್ಬರೂ ನಮ್ಮ ಹಳೆಯ ಕಾರಿನಲ್ಲಿ ಹಾಗೆ ಹೋಗಿಬಂದೆವು. ನಿಮಗೂ ಅನುಕೂಲವಾಗಲೆಂದು ದಾರಿಯನ್ನೂ, ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಬುತ್ತಿಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಂಡೆ. ಗೊಜ್ಜಿಗೆ ಎಣ್ಣೆ ಧಾರಾಳವಾಗಿ ಬಿಟ್ಟು ಚೆನ್ನಾಗಿ ಕುದಿಸಿದರೆ ಎಂಟು ದಿನ ಕೆಡುವುದಿಲ್ಲ. ಬಿಸಿ ಅನ್ನ ಸಿಕ್ಕಿದ ಕಡೆ ಕಲಸಿಕೊಂಡರೆ ಊಟ ಮುಗಿಯಿತು.

ತವರಿಗೆ ಬಂದ ಹಕ್ಕಿಗಳು

ಮೊದಲು ನಿಲ್ಲಬೇಕಾದದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ. ಇಲ್ಲಿ ಬೇಲಿಯಿಲ್ಲ, ಗೇಟಿಲ್ಲ. ಇದು ಮನುಷ್ಯರು ಬಾಳುವ ಊರು. ಮನೆಯ ಹಿತ್ತಲಿನ ಹುಣಸೇಮರ, ಬೀದಿಯ ಅರಳೀಮರಗಳ ಮೇಲೆಲ್ಲ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ಜೋಳಿಗೆಯಂಥ ಚೀಲ. ಮೇಲೆ ಹಕ್ಕಿಯ ಸಂಸಾರ, ಕೆಳಗೆ ಕಟ್ಟಿದ ಎಮ್ಮೆ, ಪಕ್ಕದಲ್ಲಿ ಪಾತ್ರೆ ತೊಳೆಯುವ ಸೊಸೆ!

ಈ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ತಿಳಿಯುತ್ತಾರೆ. ಡಿಸೆಂಬರಿನ ಹೊತ್ತಿಗೆ ಬಂದು, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಹಕ್ಕಿ ಕೂತ ಮರದಿಂದ ಹುಣಸೆಹಣ್ಣು ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಅದಕ್ಕೆ ಎಷ್ಟೋ ತಲೆಮಾರು ಮೊದಲೇ ಊರು ಹಕ್ಕಿಗಳನ್ನು ತನ್ನವೆಂದು ಸಾರಿಯಾಗಿತ್ತು.

ಕಬಿನಿಯ ದಡದಲ್ಲಿ

ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಂತರಸಂತೆ ಮಾರ್ಗವಾಗಿ ಹೋದರೆ ನಾಗರಹೊಳೆಯ ಕಾಡು. 643 ಚದರ ಕಿಲೋಮೀಟರಿನ ಈ ಕಾಡು 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿನ ಕಾಕನಕೋಟೆಯ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಕಾಡಾನೆಗಳನ್ನು ಹೊಳೆಗೆ ಅಟ್ಟಿ, ಕೂಡಿ ಹಾಕಿ ಹಿಡಿಯುವ ಖೆಡ್ಡಾ ನಡೆಯುತ್ತಿದ್ದದ್ದು ಇಲ್ಲೇ. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಜಾಗ ನೀರಿನಲ್ಲಿ ಮುಳುಗಿತು. ಅದರೊಂದಿಗೆ ಹಳ್ಳಿಗಳೂ ಮುಳುಗಿದವು.

ಈಗ ಬೇಸಿಗೆಯಲ್ಲಿ ಆ ನೀರು ಇಳಿದಾಗ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಎಲ್ಲೆಡೆಯ ಆನೆಗಳು ಅಲ್ಲಿಗೆ ಬಂದು ಸೇರುತ್ತವೆ. ಹಿಂಡು ಹಿಂಡಾಗಿ ನೋಡಬೇಕಾದರೆ ನೀವು ಮಾರ್ಚಿಯಿಂದ ಮೇ ಒಳಗೆ ಹೋಗಿ. ನಮಗೆ ಜನವರಿಯಲ್ಲಿ ಕಂಡದ್ದು ಒಂಬತ್ತು ಆನೆ, ಎರಡು ಮರಿ. ಮರಿಗಳನ್ನು ದೊಡ್ಡವು ನಡುವೆ ಹಾಕಿಕೊಂಡು ನಡೆಯುವ ರೀತಿ ನೋಡಿ, "ಜಾತ್ರೆಯಲ್ಲಿ ನೀನು ಮಕ್ಕಳನ್ನು ಹೀಗೇ ನಡೆಸುತ್ತಿದ್ದೆ ಕಣೇ" ಅಂದರು ನಮ್ಮವರು. ಆನೆಗೆ ಹೋಲಿಸಿದ್ದಕ್ಕೆ ಸಿಟ್ಟು ಮಾಡಲಿಲ್ಲ ಬಿಡಿ. ಆನೆ ಹಿಂಡಿಗೆ ಯಜಮಾನಿ ಹಿರಿಯ ಹೆಣ್ಣಾನೆಯೇ. ಎಲ್ಲಿ ನೀರಿದೆ, ಯಾವ ದಾರಿ ಕ್ಷೇಮ ಎಂಬುದೆಲ್ಲ ಅವಳ ನೆನಪಿನಲ್ಲಿರುತ್ತದೆ.

ದಾರಿ ಯಾರದು?

ಸರಗೂರು, ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಬಂದೆವು. ಮೈಸೂರು ಮಹಾರಾಜರ ಬೇಟೆಯ ಕಾಡಾಗಿದ್ದ ಇದು 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಒಂದು. 2022ರ ಎಣಿಕೆಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ಅಂದಾಜಾಯಿತು. ಅವುಗಳಲ್ಲಿ ಒಂದೂ ನಮಗೆ ಮುಖ ತೋರಿಸಲಿಲ್ಲ. ಜಿಂಕೆ, ಕಡವೆ, ಕಾಟಿ, ಮುಸುವ, ನವಿಲು ಬೇಕಾದಷ್ಟು ಕಂಡವು. ಒಂದು ಬೆಳಿಗ್ಗೆ ಸೀಳುನಾಯಿಗಳ ಗುಂಪೂ ಸಿಕ್ಕಿತು. ಹುಲಿ ಕಾಣಲಿಲ್ಲವೆಂದು ಮುಖ ಊದಿಸಿಕೊಂಡರೆ ಇವೆಲ್ಲ ಕಂಡೂ ಕಾಣದಂತಾಗುತ್ತವೆ.

ಈ ಕಾಡಿನ ನಡುವೆಯೇ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಿವೆ. 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇವುಗಳನ್ನು ಮುಚ್ಚುವ ಆಜ್ಞೆ ಬಂತು. 2010ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ರಾತ್ರಿ ಲಾರಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದೇ ಕಾರಣ. ಆಂಬ್ಯುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿಯಿದೆ. ವ್ಯಾಪಾರಕ್ಕೆ, ಓಡಾಟಕ್ಕೆ ತೊಂದರೆಯೆಂದು ವಯನಾಡಿನ ಕಡೆಯವರ ದೂರು. ಅದನ್ನು ಸುಳ್ಳೆನ್ನಲಾಗದು. ಆದರೆ ನಾವು ಕಂಡದ್ದನ್ನು ಹೇಳುತ್ತೇನೆ. ಸಂಜೆ ನಾಲ್ಕರ ಹೊತ್ತಿಗೆ ತಾಯಾನೆಯೊಂದು ರಸ್ತೆ ದಾಟಲು ಅಂಚಿಗೆ ಬಂದು ನಿಂತಿತು. ನಮ್ಮವರು ಎಂಜಿನ್ ಆರಿಸಿದರು. ಹಿಂದಿನ ಕಾರಿನವರು ಹಾರ್ನ್ ಹೊಡೆದರು, ಮುಂದಿನವರು ಮೊಬೈಲು ಹಿಡಿದು ಕೆಳಗಿಳಿದರು. ಆನೆ ಮರಿಯನ್ನು ತಳ್ಳಿಕೊಂಡು ಹಿಂದಕ್ಕೇ ಹೋಯಿತು. ನೀರು ಇದ್ದದ್ದು ರಸ್ತೆಯ ಈಚೆ. ಹಗಲಿನಲ್ಲಿ ಆಗದ ದಾಟುವಿಕೆ ರಾತ್ರಿಯಾದರೂ ಆಗಲಿ ಅಂತ ನನಗನ್ನಿಸಿತು.

ಮುಂದೆ ಕೆಕ್ಕನಹಳ್ಳ ದಾಟಿದರೆ ತಮಿಳುನಾಡಿನ ಮುದುಮಲೆ. ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ 2024ರಲ್ಲಿ ಬಂದಿದೆ, ಮೊದಲೇ ಮಾಡಿಸಿಕೊಳ್ಳಿ. ತೆಪ್ಪಕಾಡಿನ ಆನೆ ಶಿಬಿರದ ಅಡುಗೆಮನೆಯನ್ನು ಗೃಹಿಣಿಯರು ನೋಡಲೇಬೇಕು. ರಾಗಿ, ಹುರುಳಿ, ಅನ್ನಕ್ಕೆ ಬೆಲ್ಲ, ಉಪ್ಪು ಸೇರಿಸಿ ಇಟ್ಟಿಗೆಯಷ್ಟು ದಪ್ಪ ಮುದ್ದೆ ಮಾಡಿ, ಮಾವುತರು ಆನೆಯ ಬಾಯಿಗೇ ಇಡುತ್ತಾರೆ. ಒಂದೊಂದು ಆನೆಗೂ ಬೇರೆ ಬೇರೆ ಅಳತೆ. ತಬ್ಬಲಿ ಮರಿಗಳನ್ನು ಸಾಕಿದ ಇಲ್ಲಿನ ಬೊಮ್ಮನ್, ಬೆಳ್ಳಿ ದಂಪತಿಗಳ ಮೇಲಿನ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದದ್ದು ನಿಮಗೆ ನೆನಪಿರಬಹುದು.

ಅಟ್ಟಣೆಯ ಮೇಲಿನ ಗಂಡ

ಹಿಂದಿರುಗುವಾಗ ಕಾಡಂಚಿನ ಹಳ್ಳಿಯೊಂದರಲ್ಲಿ ಕಾಫಿಗೆ ನಿಂತೆವು. ಅಂಗಡಿಯ ಹೆಂಗಸಿಗೆ ಮೂವತ್ತೈದಿರಬಹುದು. ಆನೆ ನೋಡಿದ ಸಂತೋಷವನ್ನು ಅವಳ ಮುಂದೆ ಹೇಳಿಕೊಂಡೆ. ಲೋಟ ತೊಳೆಯುತ್ತಲೇ ಅಂದಳು: "ನೀವು ದುಡ್ಡು ಕೊಟ್ಟು ನೋಡಕ್ಕೆ ಬತ್ತೀರಿ ಕಣಮ್ಮಾ. ನಮಗೆ ದುಡ್ಡಿಲ್ದೇನೆ ಬಾಳೆ ತೋಟಕ್ಕೇ ಬತ್ತವೆ."

ಅವಳ ಗಂಡ ರಾತ್ರಿಯೆಲ್ಲ ತೋಟದ ಅಟ್ಟಣೆಯ ಮೇಲೆ ಕಾವಲಿರುತ್ತಾನಂತೆ. ಫಸಲು ಕೈಗೆ ಬರುವವರೆಗೂ ಮನೆಯಲ್ಲಿ ಮಲಗುವುದಿಲ್ಲ. "ತಮಟೆ ಸದ್ದು ಕೇಳ್ತಿದ್ರೆ ನಿದ್ದೆ ಬತ್ತದೆ. ನಿಂತೋದ್ರೆ ಎದ್ದು ಕೂತ್ಕತೀನಿ" ಅಂದಳು. ಪರಿಹಾರದ ಹಣ ಬಂದಾಗ ಬಂತು, ಆದರೆ ಕಾವಲಿನ ರಾತ್ರಿಗಳಿಗೆ ಲೆಕ್ಕ ಬರೆಯುವವರು ಯಾರು? ಹಾಗೆಂದು ಅವಳು ಆನೆಯನ್ನು ಶಪಿಸಲೂ ಇಲ್ಲ. "ಅದ್ಕೂ ಹೊಟ್ಟೆ ಐತಲ್ಲ" ಅಂದಳು. ಕಾರು ಹತ್ತಿದ ಮೇಲೆ ಬಹಳ ಹೊತ್ತು ನಮ್ಮಿಬ್ಬರಿಗೂ ಮಾತು ಬರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಹುಲಿಗಳು ಹಳ್ಳಿಗರ ಮೇಲೆ ಎರಗಿ ಸಾವುಗಳಾದಾಗ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಪತ್ರಿಕೆಯಲ್ಲಿ ಓದುವಾಗ ನನಗೆ ಆ ಅಂಗಡಿಯ ಹೆಂಗಸಿನದೇ ಚಿಂತೆ.

ಭಾವನ ಬೆಟ್ಟ

ಕೊನೆಯ ಎರಡು ದಿನ ಚಾಮರಾಜನಗರದಿಂದ ಕೆ. ಗುಡಿಯ ಮಾರ್ಗವಾಗಿ ಬಿಳಿಗಿರಿರಂಗನ ಬೆಟ್ಟ. ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಕಥೆ. ಅದಕ್ಕೇ ಸೋಲಿಗರಿಗೆ ಅವನು ದೇವರಷ್ಟೇ ಅಲ್ಲ, ಭಾವ! 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಜೇನು, ನೆಲ್ಲಿಕಾಯಿ ಮುಂತಾದುವನ್ನು ತರುವ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಕಾಡೊಂದರಲ್ಲಿ ಹಾಗಾದದ್ದು ದೇಶದಲ್ಲೇ ಮೊದಲು. ಹುಲಿ, ಮನುಷ್ಯ ಇಬ್ಬರಿಗೂ ಜಾಗ ಉಂಟೆಂದು ಆ ಬೆಟ್ಟದಲ್ಲಿ ನಂಬಿಕೆ ಹುಟ್ಟುತ್ತದೆ.

ನೀವು ಹೊರಡುವುದಾದರೆ ಇಷ್ಟು ನೆನಪಿಡಿ. ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಕಾಡಿನ ರಸ್ತೆಯಲ್ಲಿ ಇಳಿಯಬೇಡಿ, ಬುತ್ತಿ ಬಿಚ್ಚಬೇಡಿ. ಕೋತಿಗೆ ಒಂದು ಬಾಳೆಹಣ್ಣು ಎಸೆದರೂ ಅದು ರಸ್ತೆಗೆ ಬರುವುದನ್ನು ಕಲಿಯುತ್ತದೆ, ಚಕ್ರಕ್ಕೆ ಸಿಗುತ್ತದೆ. ಎಲೆಯ ಬಣ್ಣಕ್ಕೆ ಹೊಂದುವ ಸೀರೆ ಉಟ್ಟುಕೊಳ್ಳಿ, ಜರಿಯದು ಮದುವೆಗಿರಲಿ. ಪ್ಲಾಸ್ಟಿಕ್ ಚೀಲ ಮನೆಗೇ ಹಿಂದೆ ತನ್ನಿ. ಬೆಳಿಗ್ಗೆ ಒಂದು ಸ್ವೆಟರ್ ಬೇಕೇ ಬೇಕು.

ಮತ್ತೊಂದು ಮಾತು. ಕಾಫಿ, ತಿಂಡಿ, ಜೇನು, ಬಾಳೆಹಣ್ಣು ಏನೇ ಕೊಳ್ಳುವುದಿದ್ದರೂ ಕಾಡಂಚಿನ ಹಳ್ಳಿಗಳಲ್ಲಿ ಕೊಳ್ಳಿ, ಚೌಕಾಶಿ ಮಾಡಬೇಡಿ. ನಾವು ಆನೆ ನೋಡಿ ನೆಮ್ಮದಿಯಾಗಿ ಮಲಗುವ ರಾತ್ರಿ ಯಾರೋ ಒಬ್ಬಳು ತಮಟೆಯ ಸದ್ದಿಗೆ ಕಿವಿಗೊಟ್ಟು ಎಚ್ಚರವಾಗಿರುತ್ತಾಳೆ.