ಗಾಜಿನ ಕಡಲಿನೊಳಗಣ ಹುಳು

ಹುಳು ಎಂಬ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ಮರ್ಯಾದೆ ಕಡಿಮೆ. ಅಕ್ಕಿಗೆ ಹುಳು ಬಿತ್ತು, ಹಲ್ಲು ಹುಳುಕಾಯಿತು, ಅವನ ತಲೆಯಲ್ಲಿ ಯಾವುದೋ ಹುಳು ಹೊಕ್ಕಿದೆ ಎಂದು ನಾವು ಅನ್ನುವಲ್ಲೆಲ್ಲ ಅದು ಕೇಡಿಗೆ ಇನ್ನೊಂದು ಹೆಸರು. ಎರೆಹುಳದ ಪಾಠ ಮಾಡುವ ದಿನ ಮೂಗು ಮುರಿಯುವ ಮಕ್ಕಳನ್ನು ನಾವು ಪ್ರತಿ ವರುಷವೂ ಕಾಣುತ್ತೇವೆ. ತೋಟದ ಮಣ್ಣನ್ನು ಕೂಲಿಯಿಲ್ಲದೆ ಉತ್ತುಕೊಡುವ ಆ ಸಾಧುಪ್ರಾಣಿಯ ಬಳಗದವರು ಕಡಲಿನಲ್ಲಿಯೂ ಸಹಸ್ರಾರು ಬಗೆಯಾಗಿ ಇದ್ದಾರೆ. ಅವರಲ್ಲಿ ಬಹುಪಾಲು ಉಪಕಾರಿಗಳು, ಕೆಲವರು ಮಾತ್ರ ಹಿಂಸ್ರರು. ಈ ಭೇದವನ್ನು ಪುಸ್ತಕದಿಂದಲ್ಲದೆ ಕಣ್ಣಾರೆ ಅರಿಯುವ ಸಂದರ್ಭವೊಂದು ಕಳೆದ ಬೇಸಗೆ ರಜೆಯಲ್ಲಿ ನಮಗೆ ಒದಗಿತು.

ಕಾಸರಗೋಡಿನ ಎಷ್ಟೋ ಮನೆಗಳಂತೆ ನಮ್ಮ ಮನೆಯ ಕವಲೊಂದೂ ಕೊಲ್ಲಿನಾಡಿನಲ್ಲಿದೆ. ಮಗಳೂ ಅಳಿಯಂದಿರೂ ಅಬುಧಾಬಿಯಲ್ಲಿ ನೆಲೆಸಿದ್ದಾರೆ. ಅಳಿಯಂದಿರಿಗೆ ಅಲ್ಲೊಂದು ಹವ್ಯಾಸ ಅಂಟಿಕೊಂಡಿದೆ. ನಡುಮನೆಯಲ್ಲಿ ಸುಮಾರು 300 ಲೀಟರ್ ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯನ್ನಿರಿಸಿ, ಅದರಲ್ಲಿ ಹವಳದ ದಿಬ್ಬದ ಒಂದು ಚಿಕ್ಕ ಪ್ರತಿಕೃತಿಯನ್ನು ಬೆಳೆಸಿದ್ದಾರೆ. ಲೀಟರಿಗೆ 35 ಗ್ರಾಮಿನಂತೆ ಉಪ್ಪು ಕರಗಿರಬೇಕು, ಶಾಖ ಏರುಪೇರಾಗಬಾರದು, ಬೆಳಕು ಇಷ್ಟೇ ಹೊತ್ತು ಬೀಳಬೇಕು. ಹಸುಗೂಸಿನ ಆರೈಕೆಗಿಂತ ಇದೇನೂ ಸುಲಭದ್ದಲ್ಲ. ತೊಟ್ಟಿಯ ಆಧಾರವೆಂದರೆ ಅದರೊಳಗಿನ ಕಲ್ಲುಗಳು. ಕಡಲಿನ ತಳದಿಂದ ಜೀವಸಹಿತವಾಗಿ ತಂದು ಮಾರುವ ಈ ತೂತುತೂತಾದ ಕಲ್ಲುಗಳಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಮೀನಿನ ಹೇಸಿಗೆಯಿಂದ ಹುಟ್ಟುವ ಅಮೋನಿಯಾ ವಿಷವನ್ನು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಮಾರ್ಪಡಿಸಿ ನೀರನ್ನು ವಾಸಯೋಗ್ಯವಾಗಿ ಇಡುತ್ತವೆ. ಆದರೆ ಆ ತೂತುಗಳಲ್ಲಿ ಸೂಕ್ಷ್ಮಾಣುಗಳಷ್ಟೇ ಅಡಗಿ ಬರುತ್ತವೆಂದು ಯಾರು ಹೇಳಬಲ್ಲರು?

ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಒಂದೂವರೆ ತಿಂಗಳಲ್ಲಿ ಮೂರು ಮೀನುಗಳು ಕಾಣೆಯಾಗಿದ್ದವು. ಸತ್ತು ತೇಲಿದ್ದಲ್ಲ, ರಾತ್ರಿ ಇದ್ದದ್ದು ಬೆಳಗ್ಗೆ ಇಲ್ಲ. ಹವಳದ ಒಂದೆರಡು ಕೊಂಬೆಗಳೂ ಕಡಿದಂತಿದ್ದವು. ಆರು ವರುಷದ ಮೊಮ್ಮಗಳು ಉಳಿದಿದ್ದ ಕಿತ್ತಳೆ ಬಣ್ಣದ ಪಟ್ಟೆ ಮೀನನ್ನು ಮಲಗುವ ಮೊದಲೊಮ್ಮೆ, ಎದ್ದ ಕೂಡಲೇ ಒಮ್ಮೆ ಎಣಿಸುತ್ತಿದ್ದಳು. ಒಂದೇ ಮೀನನ್ನು ದಿನಾ ಎಣಿಸುವ ಮಗುವನ್ನು ನೋಡುವುದು ಸುಖದ ನೋಟವಲ್ಲ. ಅಳಿಯಂದಿರಂತೂ ಬೇಸತ್ತು, “ಮಾವ, ಇನ್ನು ಸಾಕು. ಅಂಗಡಿಯವರು ಒಂದು ಔಷಧ ಕೊಟ್ಟಿದ್ದಾರೆ. ಒಳಗಿರುವ ಹುಳುಹುಪ್ಪಟೆಯೆಲ್ಲ ಒಂದೇ ಸಲಕ್ಕೆ ಸಾಯುತ್ತದಂತೆ,” ಎಂದರು.

ನಾವು ಆ ಸೀಸೆಯ ಚೀಟಿಯನ್ನು ತರಿಸಿಕೊಂಡು ಓದಿದೆವು. ಅದರಲ್ಲಿದ್ದುದು ತಾಮ್ರದ ಲವಣ. ಅಡಿಕೆ ತೋಟದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಸುಣ್ಣದೊಡನೆ ಕಲಸಿ ಹೊಡೆಯುವ ಮೈಲುತುತ್ತು ತಾಮ್ರದ ಲವಣವೇ ತಾನೆ! ಅದರ ಪಾತ್ರೆ ತೊಳೆದ ನೀರನ್ನು ಮೀನಿರುವ ತೋಡಿಗೆ ಚೆಲ್ಲಬಾರದೆಂಬುದು ನಮ್ಮ ಮನೆಯಲ್ಲಿ ಹಿರಿಯರ ಕಟ್ಟಪ್ಪಣೆಯಾಗಿತ್ತು. ಮೀನಿನ ಕೆಲವು ರೋಗಗಳಿಗೆ ಅಳತೆಯರಿತು ಬಳಸುವ ಔಷಧವೇನೋ ಹೌದು. ಆದರೆ ಬೆನ್ನೆಲುಬಿಲ್ಲದ ಜೀವಿಗಳಿಗೆ ಅದು ಮೃತ್ಯು. ಹುಳು ಸಾಯಬಹುದು, ಅದರೊಡನೆ ಹವಳ, ಸಿಗಡಿ, ಬಸವನಹುಳು ಎಲ್ಲವೂ ಸಾಯುತ್ತವೆ. ಕಲ್ಲಿನ ಸಂದಿಗಳಲ್ಲಿ ಸತ್ತ ನೂರಾರು ಹುಳುಗಳು ಕೊಳೆತು ಅಮೋನಿಯಾ ಏರಿ, ಉಳಿದೊಂದು ಮೀನೂ ಬದುಕಲಾರದು. ಸಾಲದೆಂಬಂತೆ ತಾಮ್ರವು ಕಲ್ಲಿಗೆ ಅಂಟಿ ಉಳಿಯುತ್ತದೆ. ಸೀಸೆಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇರಿಸಿ, ಮೊದಲು ಅಪರಾಧಿ ಯಾರೆಂದು ನೋಡೋಣ ಎಂದೆವು.

ಇಂತಹ ಹುಡುಕಾಟಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ನ್ಯೂಕ್ವೇ ಎಂಬ ಊರಿನ ಬ್ಲೂ ರೀಫ್ ಮತ್ಸ್ಯಾಗಾರದಲ್ಲಿ 2009ರಲ್ಲಿ ಹವಳಗಳು ತುಂಡಾಗತೊಡಗಿದವು. ಬೆಲೆಬಾಳುವ ಟ್ಯಾಂಗ್ ಮೀನುಗಳು ಗಾಯಗೊಂಡವು. ಸಿಬ್ಬಂದಿಯವರು ವಾರಗಟ್ಟಲೆ ಕಾದರು, ಗಾಳಕ್ಕೆ ಆಹಾರ ಸಿಕ್ಕಿಸಿ ಇಟ್ಟರು. ಬೆಳಗಾಗುವಷ್ಟರಲ್ಲಿ ಗಾಳವೇ ಛಿದ್ರ. ಕೊನೆಗೆ ಒಂದೊಂದಾಗಿ ಕಲ್ಲುಗಳನ್ನು ಬಿಚ್ಚಿದಾಗ ನಾಲ್ಕು ಅಡಿ ಉದ್ದದ ಹುಳು ಹೊರಬಿತ್ತು. ಮರಿಯಾಗಿ ಕಲ್ಲಿನೊಡನೆ ಬಂದು, ಕಾಣದಂತೆ ಬೆಳೆದಿದ್ದಿರಬೇಕು. ಬಾಬಿಟ್ ಹುಳುವೆಂದು ಈಗ ಕರೆಯಲ್ಪಡುವ ಇದಕ್ಕೆ ಯೂನಿಸ್ ಆಫ್ರೊಡೈಟಾಯಿಸ್ ಎಂಬುದು ಶಾಸ್ತ್ರೀಯ ನಾಮ. ಜರ್ಮನಿಯ ಪಲ್ಲಾಸ್ ಎಂಬ ಪ್ರಕೃತಿವಿಜ್ಞಾನಿ 1788ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಜಪಾನಿನ ಬಂದರೊಂದರ ತೆಪ್ಪದಲ್ಲಿ 2009ರಲ್ಲಿಯೇ ಸಿಕ್ಕ ಇದೇ ಜಾತಿಯ ಹುಳು 299 ಸೆಂಟಿಮೀಟರ್ ಉದ್ದವಿದ್ದು, ಅದರ ಮೈಯಲ್ಲಿ 673 ಉಂಗುರಗಳಿದ್ದವು. ದೇಹವನ್ನೆಲ್ಲ ಮರಳಲ್ಲಿ ಹೂತು, ತಲೆಯ ಐದು ಮೀಸೆಗಳನ್ನು ಮಾತ್ರ ಹೊರಚಾಚಿ, ಮೀನು ಸೋಕಿದೊಡನೆ ಚಿಮುಟದಂತಹ ದವಡೆಗಳಿಂದ ಕಚ್ಚಿ ಒಳಕ್ಕೆಳೆಯುವುದು ಇದರ ಬೇಟೆಯ ಕ್ರಮ.

ನಮ್ಮ ಕಾವಲು ಅಷ್ಟೊಂದು ದೀರ್ಘವಾಗಲಿಲ್ಲ. ಟಾರ್ಚಿನ ಮುಖಕ್ಕೆ ಕೆಂಪು ಕಾಗದ ಕಟ್ಟಿ, ದೀಪಗಳನ್ನಾರಿಸಿ, ನಡುರಾತ್ರಿಯವರೆಗೆ ಕುಳಿತೆವು. ಕೆಂಪು ಬೆಳಕು ಇಂತಹ ಪ್ರಾಣಿಗಳನ್ನು ಅಷ್ಟಾಗಿ ಬೆದರಿಸುವುದಿಲ್ಲ. ಮೊದಲ ರಾತ್ರಿ ಕಲ್ಲುಗಳ ಮೇಲೆಲ್ಲ ಬೆರಳುದ್ದದ ಮುಳ್ಳುಹುಳುಗಳ ಸಂತೆಯೇ ನೆರೆದಿತ್ತು. ಮಗಳು ಹೌಹಾರಿದಳು. ಆದರೆ ಇವು ಝಾಡಮಾಲಿಗಳು. ಮೀನು ತಿಂದುಳಿದ ಎಂಜಲು, ಸತ್ತ ಜೀವಿಯ ಮಾಂಸ ಇವುಗಳ ಆಹಾರ. ಸಂಖ್ಯೆ ಅತಿಯಾಯಿತೆಂದರೆ ನಾವು ಹಾಕುವ ಮೀನಿನ ಆಹಾರ ಅತಿಯಾಯಿತೆಂದೇ ಅರ್ಥ. ಮುಟ್ಟಿದರೆ ಸೂಜಿಯಂಥ ಸಣ್ಣ ಮುಳ್ಳುಗಳು ಚರ್ಮಕ್ಕೆ ಹೊಕ್ಕು ಉರಿಯುತ್ತದೆ, ಅಷ್ಟೆ. ಅಂಟುಪಟ್ಟಿ ಒತ್ತಿ ಎಳೆದರೆ ಅವು ಬರುತ್ತವೆ. ಅಟ್ಲಾಂಟಿಕ್ ಹಾಗೂ ಮೆಡಿಟರೇನಿಯನ್ ಸಮುದ್ರಗಳಲ್ಲಿ ಹವಳವನ್ನೇ ಮೇಯುವ ಬೆಂಕಿಹುಳುವೆಂಬ ದಾಯಾದಿಯೊಂದು ಇವಕ್ಕಿದೆ. ಅದರ ಅಪಕೀರ್ತಿಯನ್ನು ಈ ಬಡವರೂ ಹೊರುತ್ತಿದ್ದಾರೆ.

ಮೂರನೆಯ ರಾತ್ರಿ, ಮೂಲೆಯ ಕಲ್ಲಿನ ಬುಡದ ತೂತಿನಲ್ಲಿ ಐದು ಮೀಸೆಗಳು ಕಂಡವು. ಕಾಮನಬಿಲ್ಲಿನಂತೆ ಹೊಳೆಯುವ ನುಣುಪು ತಲೆ. ಸಿಗಡಿಯ ತುಣುಕನ್ನು ಕಡ್ಡಿಯಲ್ಲಿ ಚಾಚಿದೊಡನೆ ಕಡ್ಡಿಯೇ ಕೈಯಿಂದ ಜಗ್ಗಿತು! ಹಿಡಿದೆಳೆಯಲು ಅಳಿಯಂದಿರು ಮುಂದಾದರು, ನಾವು ತಡೆದೆವು. ಎಳೆದರೆ ಹುಳು ತುಂಡಾಗುತ್ತದೆ, ತಲೆಯುಳ್ಳ ಭಾಗ ಒಳಸೇರಿ ಬಾಲವನ್ನು ಮರಳಿ ಬೆಳೆಸಿಕೊಳ್ಳುತ್ತದೆ. ಬೆಳಗ್ಗೆ ಆ ಕಲ್ಲೊಂದನ್ನೇ ಮೆಲ್ಲಗೆ ಎತ್ತಿ, ತೊಟ್ಟಿಯದೇ ನೀರು ತುಂಬಿದ ಬಾಲ್ದಿಯ ಮೇಲೆ ಹಿಡಿದು, ಸೂಜಿಯಿಲ್ಲದ ಸಿರಿಂಜಿನಿಂದ ಸಪ್ಪೆ ಸೋಡಾವನ್ನು ತೂತಿಗೆ ಬಿಟ್ಟೆವು. ಇಂಗಾಲಾಮ್ಲದ ಉಸಿರುಕಟ್ಟಿಗೆ ಹುಳು ತಾನಾಗಿ ಹೊರಬಂದು ಬಾಲ್ದಿಗೆ ಬಿತ್ತು. ಉದ್ದ ಒಂದು ಮೊಳಕ್ಕೆ ತುಸು ಕಡಿಮೆ. ಯೂನಿಸ್ ಕುಲದ್ದೆಂಬುದು ಸ್ಪಷ್ಟ; ಜಾತಿಯನ್ನು ನಿರ್ಣಯಿಸುವುದು ಸೂಕ್ಷ್ಮದರ್ಶಕವುಳ್ಳ ತಜ್ಞರ ಕೆಲಸ. ಮೂರು ಮೀನುಗಳ ಸಾವಿಗೂ ಇದೇ ಹೊಣೆಯೆಂದು ನಾವು ಪ್ರಮಾಣ ಮಾಡಲಾರೆವು. ಆದರೆ ಆ ಬಳಿಕ ನಾವಲ್ಲಿದ್ದ ಹನ್ನೊಂದು ದಿನಗಳಲ್ಲಿ ಯಾವ ನಷ್ಟವೂ ಆಗಲಿಲ್ಲ. ಹವಳದ ಕಡಿದ ಕೊಂಬೆ ಹೊಸ ಚರ್ಮ ಹೊದೆಯತೊಡಗಿತ್ತು.

ಇದನ್ನೋದಿ ಉತ್ಸಾಹಗೊಳ್ಳುವ ನಮ್ಮ ಊರಿನ ತರುಣರಿಗೆ ಒಂದು ಮಾತು. ಲಕ್ಷದ್ವೀಪದ ಹವಳದ ದಿಬ್ಬಗಳು ನಮ್ಮ ಕರಾವಳಿಯ ಎದುರಿನಲ್ಲಿಯೇ ಇವೆಯಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ಹವಳಗಳೂ ಸೇರಿವೆ; ಅವನ್ನು ಕಿತ್ತು ತರುವುದು ಶಿಕ್ಷಾರ್ಹ ಅಪರಾಧ. ಎಲ್ಲಿಯೇ ಆಗಲಿ, ಕೊಂಡುತಂದ ಕಲ್ಲನ್ನು ನೇರವಾಗಿ ತೊಟ್ಟಿಗೆ ಇಳಿಸದೆ ಕೆಲವು ವಾರ ಬೇರೆ ಪಾತ್ರೆಯಲ್ಲಿಟ್ಟು, ರಾತ್ರಿ ದೀಪ ಹಿಡಿದು ನೋಡುವುದು ಲೇಸು.

ಹಿಡಿದ ಹುಳುವನ್ನೇನು ಮಾಡುವುದೆಂಬ ಚರ್ಚೆ ಊಟದ ಹೊತ್ತಿನಲ್ಲಿ ನಡೆಯಿತು. ಕೊಲ್ಲಬೇಕೆಂಬುದು ಅಳಿಯಂದಿರ ಪಕ್ಷ. ಕಡಲಿಗೆ ಬಿಡೋಣವೆಂದಳು ಮಗಳು. ಯಾವ ಕಡಲಿನದೋ ಜೀವಿಯನ್ನು ಇನ್ನೊಂದು ಕಡಲಿಗೆ ಬಿಡಲಾಗದೆಂದು ನಾವು ಒಪ್ಪಲಿಲ್ಲ. ನ್ಯೂಕ್ವೇಯವರು ತಮ್ಮ ಹುಳುವಿಗೆ ಬೇರೆ ತೊಟ್ಟಿಯನ್ನೇ ಕೊಟ್ಟರೆಂಬುದನ್ನು ಮೊಮ್ಮಗಳಿಗೆ ಹೇಳಿದ್ದು ನಾವೇ. “ಹಾಗಾದರೆ ನಮ್ಮದಕ್ಕೂ ಕೊಡಿ ಅಜ್ಜ,” ಎಂದಳು. ಹಳೆಯ ಚಿಕ್ಕ ಗಾಜಿನ ಪೆಟ್ಟಿಗೆಗೆ ಒಂದು ಕೊಳವೆಯ ತುಂಡು ಹಾಕಿ ಅದನ್ನು ಅಲ್ಲಿ ಬಿಡಲಾಯಿತು. ವಾರಕ್ಕೆರಡು ಸಲ ಸಿಗಡಿ ಹಾಕುವ ಕೆಲಸ ಈಗ ಅಳಿಯಂದಿರದು. ಕೊಳವೆಯಿಂದ ಮೀಸೆ ಹೊರಬಂತೋ ಇಲ್ಲವೋ ಎಂದು ನೋಡುವ ಕೆಲಸ ಮೊಮ್ಮಗಳದು.