ನೀರು ತುಂಬುವ ದಿನ

ಬಚ್ಚಲುಮನೆಯ ವಿಷಯವು ಸಾಹಿತ್ಯದ ಪುಟಗಳಿಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಹಿರಿಯರು ಆ ಕೋಣೆಯನ್ನು ಅಷ್ಟು ಹಗುರವಾಗಿ ಕಂಡವರಲ್ಲ. ಅದಕ್ಕೆಂದೇ ವರ್ಷಕ್ಕೊಂದು ಹಬ್ಬವನ್ನು ಇಟ್ಟಿದ್ದರು. ನರಕ ಚತುರ್ದಶಿಯ ಮುನ್ನಾದಿನ ಹಂಡೆಯನ್ನು ಒಲೆಯಿಂದ ಇಳಿಸಿ, ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಿ, ತಳದ ಹಕ್ಕಳೆಯನ್ನು ಕಿತ್ತು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ, ಸಂಜೆ ಹೊಸ ನೀರು ತುಂಬಿ ಪೂಜಿಸುತ್ತಿದ್ದರು. ಪೂಜೆಯ ನೆಪದಲ್ಲಿ ಒಂದು ಪರೀಕ್ಷೆಯೂ ನಡೆದುಹೋಗುತ್ತಿತ್ತು. ತಳ ಸವೆದಿದೆಯೆ, ಬೆಸುಗೆ ಜಿನುಗುತ್ತಿದೆಯೆ, ಒಲೆಯ ಮಣ್ಣು ಬಿರಿದಿದೆಯೆ ಎಂಬುದೆಲ್ಲ ಆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತಿತ್ತು. ಇಂದು ಹಂಡೆಯ ಜಾಗದಲ್ಲಿ ಗೋಡೆಯ ಮೇಲೆ ಗೀಸರ್ ಕುಳಿತಿದೆ. ಅದಕ್ಕೆ ಹಬ್ಬವಿಲ್ಲ; ಆದ್ದರಿಂದ ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ನಮ್ಮ ಸೊಲ್ಲಾಪುರದ ಕಡೆ ಹಂಡೆಯ ಜೊತೆಗೆ ಬಂಬವೂ ಇತ್ತು. ಮೂರು ಕಾಲಿನ ಆ ತಾಮ್ರದ ಪಾತ್ರೆಯ ನಡುವೆ ಉರಿಯ ಕೊಳವೆ. ಅದರ ಸುತ್ತಲೂ ನೀರು. ಮೇಲಿನಿಂದ ಇದ್ದಿಲನ್ನೋ ಕುಳ್ಳಿನ ಚೂರನ್ನೋ ಹಾಕಿದರೆ ಬೂದಿಯು ಕೆಳಗಿನ ಜಾಲರಿಯಿಂದ ಉದುರುವುದು. ಪಕ್ಕದ ಲಾಳಿಕೆಯಲ್ಲಿ ಒಂದು ತಂಬಿಗೆ ತಣ್ಣೀರು ಹೊಯ್ದರೆ ಒಂದು ತಂಬಿಗೆ ಬಿಸಿನೀರು ಹೊರಬರುವುದು. ಕೊಡದೆ ಪಡೆಯುವಂತಿಲ್ಲ, ಬಹಳ ಪ್ರಾಮಾಣಿಕವಾದ ವ್ಯವಹಾರ. ನೀರಿಲ್ಲದ ಬಂಬಕ್ಕೆ ಉರಿ ಹಾಕಿದರೆ ಮಾತ್ರ ಬೆಸುಗೆ ಬಿಟ್ಟು ಮುನಿಯುತ್ತಿತ್ತು. ಉಳಿದಂತೆ ಅದರಷ್ಟು ಸಾಧುವಾದ ಪಾತ್ರೆ ಮತ್ತೊಂದಿರಲಿಲ್ಲ. ಏಕೆಂದರೆ ಲಾಳಿಕೆಯ ಬಾಯಿ ಸದಾ ತೆರೆದಿರುತ್ತಿತ್ತು. ಕಾದ ನೀರು ಹಿಗ್ಗಿದರೆ ಅಲ್ಲಿಗೆ ಏರುವುದು. ಕುದಿದರೆ ಆವಿಯು ಅಲ್ಲಿಂದಲೇ ಹೋಗುವುದು.

ಗೀಸರಿನ ಬಾಯಿ ಮುಚ್ಚಿದೆ. ಹೆಸರೇನೋ ಐಸ್‌ಲೆಂಡಿನ ಬಿಸಿನೀರ ಬುಗ್ಗೆಯದು. ೧೮೬೮ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬವನು ಅನಿಲದಿಂದ ನೀರು ಕಾಯಿಸುವ ತನ್ನ ಯಂತ್ರಕ್ಕೆ ಅದನ್ನಿಟ್ಟನು. ಚಿಮ್ಮುವುದೇ ಆ ಬುಗ್ಗೆಯ ಗುಣ. ಮನೆಯೊಳಗಿನದು ಚಿಮ್ಮದಿರಲೆಂದು ತಣ್ಣೀರು ಒಳಗೆ ಬರುವಲ್ಲಿ ಒಂದು ಚಿಕ್ಕ ಹಿತ್ತಾಳೆಯ ವಾಲ್ವನ್ನು ಕೂಡಿಸಿರುತ್ತಾರೆ. ಅದು ನೀರನ್ನು ಹಿಂದಕ್ಕೆ ಹೋಗಗೊಡದು. ಒಳಗಿನ ಒತ್ತಡ ಮಿತಿ ಮೀರಿದರೆ ನಾಲ್ಕು ಹನಿ ಹೊರಗೆ ಬಿಟ್ಟು ಪಾತ್ರೆಯನ್ನು ಕಾಯುವುದು.

ಈ ಹನಿಗಳ ಮೇಲೆ ಲೋಕಕ್ಕೇಕೋ ಕೋಪ. ಹಿಂದೊಂದು ಚಳಿಗಾಲದಲ್ಲಿ ನಮ್ಮ ಮನೆಗೆ ರಿಪೇರಿಗೆಂದು ಬಂದವನು, ನಾನು ಪೇಟೆಗೆ ಹೋಗಿದ್ದಾಗ, ಆ ವಾಲ್ವಿನ ಬಾಯಿಗೆ ತಿರುಪಿನ ಮುಚ್ಚಳ ಬಿಗಿದು, “ಸೋರೂದು ನಿಂತ್ ಹೋತು ನೋಡ್ರಿ ಅವ್ವಾರ” ಎಂದು ನಮ್ಮ ತಾಯಿಯವರಿಗೆ ಹೇಳಿ ಹಣ ಪಡೆದು ಹೋಗಿದ್ದನು. ಅವರಿಗೆ ಆಗ ಎಂಬತ್ತರ ಮೇಲೆ ವಯಸ್ಸು. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಆ ಗೀಸರಿನ ಕೆಳಗೆ ಕುಳಿತು ಮೀಯುವವರು. ಮುಚ್ಚಳವನ್ನು ಕಂಡಾಗ ನನ್ನ ಕೈ ತಣ್ಣಗಾಯಿತು. ವಿದ್ಯುತ್ತನ್ನು ಕಡಿದು, ಪಾತ್ರೆ ಆರುವವರೆಗೆ ಕಾದು, ಅಂದೇ ಅದನ್ನು ತೆಗೆಸಿದೆ. ಆ ಬಾಯಿಗೊಂದು ಸಣ್ಣ ರಬ್ಬರ್ ಕೊಳವೆ ಕೂಡಿಸಿ ಮೋರಿಯ ಕಡೆಗೆ ಇಳಿಬಿಟ್ಟೆ.

ನನ್ನ ಭಯಕ್ಕೆ ಲೆಕ್ಕವಿದೆ. ಇಪ್ಪತ್ತೈದು ಡಿಗ್ರಿ ಸೆಂಟಿಗ್ರೇಡಿನ ೨೫ ಲೀಟರ್ ನೀರನ್ನು ೬೦ ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ೩೫೦ ಮಿಲಿಲೀಟರ್ ಹಿಗ್ಗುವುದು. ಅಂದರೆ ಒಂದೂವರೆ ಲೋಟ. ನೀರು ಗಾಳಿಯಂತೆ ಹಿಸುಕಿಸಿಕೊಳ್ಳುವ ಪದಾರ್ಥವಲ್ಲ. ಈ ಒಂದೂವರೆ ಲೋಟಕ್ಕೆ ದಾರಿ ಕೊಡದಿದ್ದರೆ ಪಾತ್ರೆಯ ಬೆಸುಗೆಯೇ ದಾರಿ ಕೊಡಬೇಕಾಗುವುದು. ಅದರ ಮೇಲೆ ಉಷ್ಣನಿಯಂತ್ರಕವೂ ಕೆಟ್ಟರಂತೂ ನೀರು ನೂರು ಡಿಗ್ರಿಯನ್ನು ದಾಟಿಯೂ ಒತ್ತಡದಿಂದ ಕುದಿಯದೆ ನಿಲ್ಲುತ್ತದೆ. ಪಾತ್ರೆ ಒಡೆದ ಕ್ಷಣವೇ ಅದರಲ್ಲೊಂದು ಭಾಗ ಆವಿಯಾಗುತ್ತದೆ. ನೀರು ಆವಿಯಾದರೆ ತನ್ನ ಮೊದಲಿನ ಗಾತ್ರದ ಸುಮಾರು ೧೬೦೦ ಪಟ್ಟು ಹಿಗ್ಗುವುದು. ಗೋಡೆಗಳು ಅದಕ್ಕೆ ಲೆಕ್ಕವಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ನೀರು ತುಂಬುವ ದಿನವು ಗೀಸರಿನ ದಿನವೂ ಆಗಿದೆ. ಬಲ್ಲವನನ್ನು ಕರೆಸಿ, ಮುಖ್ಯ ಸ್ವಿಚ್ಚನ್ನು ಆರಿಸಿ, ನೀರು ಇಳಿಸಿ, ಕಾಯುವ ಸುರುಳಿಯನ್ನು ಹೊರಗೆ ತೆಗೆಸುತ್ತೇನೆ. ನಮ್ಮ ಕಪ್ಪುಕಲ್ಲಿನ ನೆಲದ ಕೊಳವೆಬಾವಿಯ ನೀರು ಗಡಸು. ಕಾದಾಗ ಅದರ ಸುಣ್ಣವು ಸುರುಳಿಯ ಮೇಲೆ ಕಲ್ಲಾಗಿ ಕೂಡುತ್ತದೆ. ಹಂಡೆಯ ಹಕ್ಕಳೆ ಕಣ್ಣಿಗೆ ಕಾಣುತ್ತಿತ್ತು, ಇದು ಕಾಣದು. ಕಲ್ಲು ದಪ್ಪವಾದಂತೆ ಕಾವು ನೀರಿಗೆ ಮುಟ್ಟದೆ ಸುರುಳಿಯನ್ನೇ ಸುಡುತ್ತದೆ. ಅದರ ಪಕ್ಕದಲ್ಲಿ ಮೆಗ್ನೀಷಿಯಮ್ಮಿನ ಸರಳೊಂದಿರುತ್ತದೆ. ಅದರ ಕೆಲಸ ತಾನು ಸವೆದು ಉಕ್ಕಿನ ಪಾತ್ರೆಯನ್ನು ತುಕ್ಕಿನಿಂದ ಉಳಿಸುವುದು. ಸರಳು ಸವೆದು ನಡುವಿನ ತಂತಿ ಕಂಡಿತೆಂದರೆ ಹೊಸದನ್ನು ಹಾಕಬೇಕು. ಇಲ್ಲವಾದರೆ ಮುಂದಿನ ಸರದಿ ಪಾತ್ರೆಯದು. ಪಾತ್ರೆಯೇ ತೂತಾದರೆ ಬೆಸುಗೆ ಹಾಕಿಸುವ ಆಸೆ ಬೇಡ, ಗೀಸರನ್ನೇ ಬದಲಿಸುವುದು ಲೇಸು. ವಾಲ್ವಿನ ಹಿಡಿಯನ್ನು ಎತ್ತಿ ನೀರು ಬರುವುದೋ ಎಂದು ನೋಡಬೇಕು. ಕೊನೆಗೆ ನೀರು ತುಂಬಿ, ಬಿಸಿನೀರಿನ ನಳದಿಂದ ಧಾರೆ ಬಿದ್ದ ಮೇಲೆಯೇ ಸ್ವಿಚ್ಚು ಹಾಕಬೇಕು. ಬಂಬದ ನಿಯಮವೇ ಇಲ್ಲಿಯೂ. ತಾಯಿಯವರು ಇದ್ದಷ್ಟು ಕಾಲ ಗೀಸರಿಗೂ ಬಳ್ಳಿ ಸುತ್ತಿಸುತ್ತಿದ್ದರು; ರಬ್ಬರ್ ಕೊಳವೆಗೆ ಅಡ್ಡ ಬಾರದಂತೆ ನಾನೇ ಕಟ್ಟುತ್ತಿದ್ದೆ.

ಅಡುಗೆ ಅನಿಲದ ಗೀಸರಿನ ಅಪಾಯ ಬೇರೆ ಜಾತಿಯದು. ಗಾಳಿಯಾಡದ ಬಚ್ಚಲಲ್ಲಿ ಅದರ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಅದನ್ನು ಹೊರಗೆ ತೂಗುಹಾಕದ ಮನೆಯಲ್ಲಿ ನಾನು ಸ್ನಾನ ಮಾಡುವವನಲ್ಲ, ಅತಿಥೇಯರು ಏನೆಂದುಕೊಂಡರೂ ಸರಿ.

ಪುಣೆಯಲ್ಲಿರುವ ಮಗನ ಮನೆಯಲ್ಲಿ ಒತ್ತಡದ ಪಂಪು ಇದೆ. ಅಲ್ಲಿ ವಾಲ್ವು ದಿನವೂ ಹನಿಸುತ್ತಿದ್ದುದರಿಂದ ಗೀಸರಿನ ತಣ್ಣೀರ ಕೊಳವೆಗೆ, ವಾಲ್ವಿಗೂ ಗೀಸರಿಗೂ ನಡುವೆ, ಒಂದು ವಿಸ್ತರಣ ಪಾತ್ರೆಯನ್ನು ಕೂಡಿಸಿದ್ದಾರೆ. ಉಕ್ಕಿನ ಪುಟ್ಟ ಗಡಿಗೆ. ಒಳಗೆ ರಬ್ಬರಿನ ಪರದೆ. ಪರದೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಹಿಗ್ಗಿದ ನೀರು ಪರದೆಯನ್ನು ಒತ್ತಿ ಗಾಳಿಯನ್ನು ಹಿಸುಕುವುದು, ನಳ ಬಿಟ್ಟಾಗ ಹಿಂದೆ ಸರಿಯುವುದು. ಬಂಬದ ಲಾಳಿಕೆಯೇ ಮುಚ್ಚಿದ ವೇಷದಲ್ಲಿ ಮರಳಿ ಬಂದಂತಿದೆ. ಇದಕ್ಕೂ ಆರೈಕೆ ಬೇಕು. ನೀರಿನ ಒತ್ತಡವನ್ನು ಇಳಿಸಿ, ಸೈಕಲ್ಲಿನ ಚಕ್ರಕ್ಕೆ ನೋಡುವಂತೆಯೇ ಮಾಪಕ ಹಿಡಿದು ಗಾಳಿಯನ್ನು ನೋಡಬೇಕು. ಅದು ಪಂಪಿನ ಒತ್ತಡಕ್ಕೆ ಸರಿಸಮವಾಗಿರಬೇಕು. ಗಾಳಿಯ ಮೂತಿಯನ್ನು ಒತ್ತಿದಾಗ ನೀರು ಬಂದರೆ ಪರದೆ ಹರಿದಿದೆಯೆಂದೇ ಅರ್ಥ. ಕಳೆದ ದೀಪಾವಳಿಗೆ ಹೋದಾಗ ಒತ್ತಿ ನೋಡಿದೆ, ನೀರೇ ಬಂತು. ಹಬ್ಬದ ಅಂಗಡಿಗಳು ಮುಚ್ಚುವ ಮೊದಲು ಮಗನು ಹೊಸದನ್ನು ತಂದನು.