ಅರ್ಥ್ ಸರಿ ಇಲ್ಲ

ನಮ್ಮ ಕಡೆ ‘ಆ ಹುಡುಗ ಕಾರಿಗೆ ವೂಫರ್ ಹಾಕಿಸಿದ್ದಾನೆ’ ಅಂದರೆ ಹಿರಿಯರು ಅವನು ಕೆಟ್ಟ ಅಂತಲೇ ತೀರ್ಮಾನ ಮಾಡುತ್ತಾರೆ. ಶಿರಾ ಹೆದ್ದಾರಿಯಲ್ಲಿ ಗಾಜು ನಡುಗಿಸಿಕೊಂಡು ಹೋಗುವ ಕಾರುಗಳನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ನಾನು ಎರಡು ತಿಂಗಳು ನಮ್ಮ ಭಾಯಿಯ ಗಾಡಿಯ ಡಿಕ್ಕಿಯಲ್ಲಿ ತಲೆ ಹಾಕಿಕೊಂಡು ಕೂತಿದ್ದರಿಂದ ಆ ಡಬ್ಬದ ಬಗ್ಗೆ ಒಂದಷ್ಟು ತಿಳಿದುಕೊಂಡಿದ್ದೇನೆ. ಕಾಮರ್ಸ್ ಹುಡುಗನಿಗೆ ವೈರಿನ ಸಹವಾಸ ಯಾಕೆ ಎಂದು ನಮ್ಮ ಅಕೌಂಟೆನ್ಸಿ ಸರ್ ಕೇಳಬಹುದು. ಸರ್, ಕೊನೆಯಲ್ಲಿ ಲೆಕ್ಕವೂ ಇದೆ.

ಭಾಯಿ ನನಗಿಂತ ಎಂಟು ವರ್ಷ ದೊಡ್ಡವರು. ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಸಾಲ ಮಾಡಿ ತೆಗೆದುಕೊಂಡು, ಹಳದಿ ಬೋರ್ಡ್ ಹಾಕಿಸಿ ಬಾಡಿಗೆಗೆ ಓಡಿಸುತ್ತಾರೆ. ಮದುವೆಗೆಂದು ಮಧುಗಿರಿ, ಕೊರಟಗೆರೆ. ವಾರಕ್ಕೆರಡು ಸಲ ತುಮಕೂರಿನ ಆಸ್ಪತ್ರೆ. ಆಗಾಗ ಪಾವಗಡದ ತಿರುಮಣಿ ಕಡೆಯ ಸೋಲಾರ್ ಪಾರ್ಕಿಗೆ ಇಂಜಿನಿಯರುಗಳನ್ನು ಬಿಟ್ಟು ಬರುವುದು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಫಲಕಗಳು ಮಲಗಿವೆ. ಬಿಟ್ಟು ವಾಪಸ್ ಬರುವಾಗ ಗಾಡಿ ಖಾಲಿ. ರಾತ್ರಿ ಮಿಡಿಗೇಶಿ ಹತ್ತಿರ ಬರುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಭಾಯಿಗೆ ಟೀ ಕುಡಿದರೆ ನಿದ್ದೆ ಹೋಗುವುದಿಲ್ಲ, ಖವ್ವಾಲಿ ಹಾಕಿದರೆ ಹೋಗುತ್ತದೆ. ಅದೂ ತಬಲಾದ ಎಡಗೈ ಎದೆಗೆ ತಾಗಬೇಕು.

ಕಾರಿನ ಬಾಗಿಲಿನ ಸ್ಪೀಕರ್‌ನಿಂದ ಅದು ಆಗುವ ಕೆಲಸವಲ್ಲ. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಕೆಳಗಿನ ಸ್ವರಗಳಿಗೆ ತುಂಬಾ ಗಾಳಿಯನ್ನು ತಳ್ಳಬೇಕು. ಅಂಗೈಯಷ್ಟು ಕಾಗದದ ಕೋನ್ ಎಷ್ಟು ಗಾಳಿ ತಳ್ಳೀತು? ಅದಕ್ಕೇ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ನುಡಿಸುವ ದೊಡ್ಡ ಸ್ಪೀಕರನ್ನು ಮರದ ಡಬ್ಬದಲ್ಲಿ ಕೂರಿಸಿ ಡಿಕ್ಕಿಯಲ್ಲಿಡುತ್ತಾರೆ. ಅದು ಸಬ್‌ವೂಫರ್. ಅದನ್ನು ಓಡಿಸುವ ಶಕ್ತಿ ಸ್ಟೀರಿಯೋಗೆ ಇರುವುದಿಲ್ಲ, ಆದ್ದರಿಂದ ಬ್ಯಾಟರಿಯಿಂದ ನೇರ ಕರೆಂಟು ಎಳೆಯುವ ಆಂಪ್ಲಿಫೈಯರ್ ಬೇಕು. ನಮ್ಮದು ನಾಲ್ಕು ಚಾನೆಲ್ಲಿನ ಆಂಪ್: ಎರಡು ಬಾಗಿಲಿನ ಸ್ಪೀಕರಿಗೆ, ಉಳಿದೆರಡನ್ನು ಸೇರಿಸಿ ಸಬ್‌ವೂಫರಿಗೆ. ಡಬ್ಬದ ಮೇಲೆ ಏನೇನೋ ಸಾವಿರ ವ್ಯಾಟ್ ಎಂದು ಅಚ್ಚು ಹಾಕಿರುತ್ತಾರೆ, ಅದನ್ನು ನಂಬಬೇಡಿ. ಆರ್‌ಎಂಎಸ್ ಎಂದು ಸಣ್ಣಕ್ಷರದಲ್ಲಿ ಬರೆದಿರುವುದೇ ನಿಜವಾದ ಅಂಕಿ.

ಒಂದು ಅಂಗಡಿಯಲ್ಲಿ ಎಲ್ಲ ಸೇರಿ 11,000 ರೂಪಾಯಿಗೆ ಕೂರಿಸಿಕೊಟ್ಟರು. ಬಿಲ್ ಕೊಡಲಿಲ್ಲ. ಮೊದಲ ವಾರ ಸ್ವರ್ಗ. ಆಮೇಲೆ ಶುರುವಾಯಿತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಬಾಗಿಲಿನ ಸ್ಪೀಕರಿನಲ್ಲಿ ಕುಯ್ಯ್ ಎಂಬ ಸಣ್ಣ ರಾಗ. ಅರ್ಧ ಗಂಟೆ ಜೋರಾಗಿ ಹಾಡಿದರೆ ಆಂಪಿನಲ್ಲಿ ಕೆಂಪು ದೀಪ ಹತ್ತಿ ಎಲ್ಲ ಬಂದ್. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಲು ಹೋದರೆ ಸೆಲ್ಫ್ ಸುಸ್ತಾಗಿ ತಿರುಗುತ್ತಿತ್ತು. ಭಾಯಿ ‘ಹೊಸದಲ್ವಾ, ಸೆಟ್ ಆಗುತ್ತೆ’ ಎನ್ನುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಬಂತು. ನಮ್ಮ ಬೀದಿಯ ಖಾಲಾ ಒಬ್ಬರಿಗೆ ಎರಡೂ ಕಿಡ್ನಿ ಕೆಲಸ ಮಾಡುವುದಿಲ್ಲ. ವಾರಕ್ಕೆರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ಭಾಯಿಯೇ. ಬೆಳಗಿನ ಸರದಿ ಸಿಗಬೇಕಾದರೆ ಐದು ಗಂಟೆಗೆ ಬಿಡಬೇಕು. ಭಾಯಿಗೆ ಜ್ವರ ಬಂದಿದ್ದರಿಂದ ಗಾಡಿ ಶನಿವಾರ ಮಧ್ಯಾಹ್ನದಿಂದ ನಿಂತೇ ಇತ್ತು. ಸೋಮವಾರ ಐದು ಗಂಟೆಗೆ ಖಾಲಾ ಹಿಂದಿನ ಸೀಟಿನಲ್ಲಿ ಕೂತರು, ಭಾಯಿ ಚಾವಿ ತಿರುಗಿಸಿದರು, ಟಕ್ ಎಂದು ಒಂದು ಶಬ್ದ, ಅಷ್ಟೆ. ಫಜ್ರ್ ನಮಾಜಿಗೆ ಹೊರಟಿದ್ದ ನಾಲ್ಕು ಜನ ಸೇರಿ ತಳ್ಳಿದರೂ ಆಗಲಿಲ್ಲ. ಬೇರೆ ಗಾಡಿ ಹುಡುಕಿ ಕಳಿಸುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು, ಬೆಳಗಿನ ಸರದಿಯೂ ಹೋಯಿತು. ಖಾಲಾ ಮಧ್ಯಾಹ್ನದವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು, ಇಶಾ ಹೊತ್ತಿಗೆ ಕಾಲು ಊದಿಸಿಕೊಂಡು ಮನೆಗೆ ಬಂದರು. ಭಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಭಾಯಿಗೆ ಹಗುರವಾಗುತ್ತಿತ್ತೇನೋ.

ನಮ್ಮ ಅಬ್ಬಾ ಲಾರಿಗಳ ಟಾರ್ಪಾಲು ಹೊಲಿಯುವವರು. ಮಾತು ಕಮ್ಮಿ. ರಾತ್ರಿ ಊಟದ ಹೊತ್ತಿಗೆ ‘ಆ ಡಬ್ಬ ತೆಗೆದು ಮಾರು. ಇಲ್ಲಾಂದ್ರೆ ಗಾಡೀನೇ ಮಾರು’ ಎಂದು ಉರ್ದುವಿನಲ್ಲಿ ಎರಡೇ ವಾಕ್ಯ ಹೇಳಿದರು. ಸಾಲದ ಕಂತು ಇನ್ನೂ 22 ತಿಂಗಳು ಇತ್ತು. ಬ್ಯಾಟರಿ ಅಂಗಡಿಯವರು ಬ್ಯಾಟರಿ ಸತ್ತಿದೆ, 4,800 ಅಂದರು. ವೂಫರ್ ಕೂರಿಸಿದವರು ಆಂಪ್ ಹೋಗಿದೆ, ಹೊಸದಕ್ಕೆ 7,500 ಅಂದರು. ಇಬ್ಬರೂ ಮೀಟರ್ ಇಟ್ಟು ನೋಡಲಿಲ್ಲ.

ಮಧುಗಿರಿಯಲ್ಲಿ ನಮ್ಮ ಮಾಮು ಆಟೋ ಎಲೆಕ್ಟ್ರಿಷಿಯನ್. ಮೂವತ್ತು ವರ್ಷದಿಂದ ಸೆಲ್ಫ್ ಮೋಟಾರು, ಡೈನಮೊ ಬಿಚ್ಚಿ ಕಟ್ಟಿದ ಕೈ. ಮುಂದಿನ ಭಾನುವಾರ ಗಾಡಿ ಅಲ್ಲಿಗೆ ಹೋಯಿತು, ಜೊತೆಗೆ ನಾನೂ. ಆಂಪಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದುವುದು ನನ್ನ ಕೆಲಸ, ಕೈ ಹಾಕುವುದು ಮಾಮು ಕೆಲಸ. ಮಾಮು ಹತ್ತಿರ ಇದ್ದದ್ದು ಎರಡು ವೈರಿಗೆ ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪ್. ಅದು ಕರೆಂಟು ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. 11 ವೋಲ್ಟಿಗೂ ಹತ್ತುತ್ತದೆ, 12ಕ್ಕೂ ಹತ್ತುತ್ತದೆ. ಅದಕ್ಕೆ ನಾನು ಸೈನ್ಸ್ ಸೆಕ್ಷನ್ನಿನ ಗೆಳೆಯನ ಮಲ್ಟಿಮೀಟರ್ ಇಸಕೊಂಡು ಹೋಗಿದ್ದೆ. ‘ಇದೇನೋ ಡಾಕ್ಟರ್ ಸಾಮಾನು’ ಎಂದು ಮಾಮು ನಕ್ಕರು.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ಚಾರ್ಜರಿಗೆ ಹಾಕಿ ಬೆಳಗ್ಗೆ ಅಳೆದರೆ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗಲೂ 10ರ ಕೆಳಗೆ ಇಳಿಯಲಿಲ್ಲ. ಅಂದರೆ ಬ್ಯಾಟರಿ ಆರೋಗ್ಯವಾಗಿದೆ, ಯಾರೋ ಅದರ ರಕ್ತ ಕುಡಿಯುತ್ತಿದ್ದಾರೆ. ಕಳ್ಳನನ್ನು ಹಿಡಿಯುವ ವಿಧಾನ ಹೀಗೆ: ಚಾವಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಬೇಕು. ಹಾಗೆ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬಾರದು, ಮೀಟರ್ ಸುಟ್ಟುಹೋಗುತ್ತದೆ. ನಿಂತ ಗಾಡಿ 0.9 ಆಂಪಿಯರ್ ಎಳೆಯುತ್ತಿತ್ತು. ಆಂಪಿನ ಫ್ಯೂಸ್ ಕಿತ್ತ ತಕ್ಷಣ 0.03ಕ್ಕೆ ಇಳಿಯಿತು.

ಆಂಪಿಗೆ ರಿಮೋಟ್ ಎಂಬ ತೆಳ್ಳನೆಯ ವೈರೊಂದು ಇರುತ್ತದೆ. ಸ್ಟೀರಿಯೋ ಆನ್ ಆದಾಗ ಮಾತ್ರ ಅದರಲ್ಲಿ 12 ವೋಲ್ಟ್ ಬಂದು ಆಂಪನ್ನು ಎಬ್ಬಿಸಬೇಕು, ಆಫ್ ಆದಾಗ ಮಲಗಿಸಬೇಕು. ಕೂರಿಸಿದವರು ಅದನ್ನು ಸ್ಟೀರಿಯೋದ ನೀಲಿ-ಬಿಳಿ ವೈರಿಗೆ ಕೊಡುವ ಬದಲು ಸದಾ ಕರೆಂಟಿರುವ ಹಳದಿ ವೈರಿಗೆ ಸುತ್ತಿ ಟೇಪು ಅಂಟಿಸಿದ್ದರು. ಹಾಡಿರಲಿ ಬಿಡಲಿ, ಆಂಪ್ ಹಗಲು ರಾತ್ರಿ ಎಚ್ಚರ. ಪೆನ್ನು ತೆಗೆದು ಲೆಕ್ಕ ಹಾಕಿದೆ. ಶನಿವಾರ ಮಧ್ಯಾಹ್ನ 3ರಿಂದ ಸೋಮವಾರ ಬೆಳಗಿನ 5ರವರೆಗೆ 38 ಗಂಟೆ. 38ನ್ನು 0.9ರಿಂದ ಗುಣಿಸಿದರೆ 34.2. ಬ್ಯಾಟರಿಯ ಮೇಲೆ ಬರೆದದ್ದು 35 ಎಎಚ್. ಖಾಲಾ ಆಸ್ಪತ್ರೆ ಬೆಂಚಿನ ಮೇಲೆ ಯಾಕೆ ಕೂತರು ಎಂಬುದು ಒಂದು ಗುಣಾಕಾರದಲ್ಲಿ ಸಿಕ್ಕಿತು. ಭಾಯಿ ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಎರಡನೆಯದು ಕೆಂಪು ದೀಪ. ಮಾಮು ಡಿಕ್ಕಿಯ ಒಳಗೆ ಬಗ್ಗಿ ‘ಅರ್ಥ್ ಸರಿ ಇಲ್ಲ’ ಎಂದರು. ಯಾವುದರ ಅರ್ಥ ಎಂದು ನಾನು ಪುಸ್ತಕ ತಿರುವಿದೆ! ಅವರು ಹೇಳಿದ್ದು ಅರ್ಥಿಂಗ್. ಕಾರಿನಲ್ಲಿ ನೆಗೆಟಿವ್‌ಗೆ ಬ್ಯಾಟರಿವರೆಗೆ ಬೇರೆ ವೈರ್ ಎಳೆಯುವುದಿಲ್ಲ, ಬಾಡಿಯ ತಗಡೇ ವಾಪಸು ದಾರಿ. ಹೋದಷ್ಟೂ ಕರೆಂಟು ತಿರುಗಿ ಬರಲೇಬೇಕು, ನಮ್ಮ ಜೋಡಿ ನಮೂದು ಪದ್ಧತಿಯ ಹಾಗೆ. ನಮ್ಮ ಗಾಡಿಯಲ್ಲಿ ಆ ವೈರನ್ನು ಬಣ್ಣದ ಮೇಲೇ ಸ್ಕ್ರೂ ಹಾಕಿ ಬಿಗಿದಿದ್ದರು. ಬಣ್ಣ ಕರೆಂಟು ಬಿಡುತ್ತದೆಯೇ? ಇಂಜಿನ್ ಓಡಿಸಿ, ಹಾಡು ಜೋರು ಮಾಡಿ ಅಳೆದೆವು. ಬ್ಯಾಟರಿಯಲ್ಲಿ 14.1, ಆಂಪಿನಲ್ಲಿ 11.3. ದಾರಿಯಲ್ಲಿ 2.8 ವೋಲ್ಟ್ ಸೋರಿಕೆ, ಅದರಲ್ಲಿ 2.1 ಆ ಒಂದು ಸ್ಕ್ರೂವಿನಲ್ಲೇ. ಮಾಮು ಉಪ್ಪುಕಾಗದದಿಂದ ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ತಾಮ್ರದ ಲಗ್ ಹಾಕಿ ಬೋಲ್ಟು ನಟ್ಟು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿದರು. ಆ ಸೋರಿಕೆ 0.1ಕ್ಕೆ ಬಂತು.

ಆದರೂ ಕೆಂಪು ದೀಪ ಪೂರ್ತಿ ಹೋಗಲಿಲ್ಲ, ನಲವತ್ತು ನಿಮಿಷಕ್ಕೆ ಮತ್ತೆ ಬಂತು. ಇಲ್ಲಿ ಪುಸ್ತಕ ಕೈ ಹಿಡಿಯಿತು. ಎರಡು ಚಾನೆಲ್ ಸೇರಿಸಿದರೆ ಕನಿಷ್ಠ 4 ಓಮ್ಸ್ ಇರಬೇಕು ಎಂದು ಅದರಲ್ಲಿ ಬರೆದಿತ್ತು. ನಮ್ಮ ವೂಫರಿನಲ್ಲಿ 4 ಓಮ್ಸ್‌ನ ಎರಡು ಕಾಯಿಲ್. ಅವನ್ನು ಸಮಾಂತರವಾಗಿ ಜೋಡಿಸಿದ್ದರು. ಹತ್ತನೇ ತರಗತಿಯ ವಿದ್ಯುತ್ ಪಾಠ ನೆನಪಿದ್ದವರು ಹೇಳಿ, ಎಷ್ಟಾಯಿತು? 2 ಓಮ್ಸ್. ರೋಧ ಅರ್ಧವಾದರೆ ಆಂಪ್ ತಾಳಿಕೊಳ್ಳುವುದಕ್ಕಿಂತ ಎರಡರಷ್ಟು ಕರೆಂಟು ಕೊಡಬೇಕಾಗುತ್ತದೆ. ಅದು ಕಾದು, ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತಿತ್ತು. ಸರಣಿಯಲ್ಲಿ ಜೋಡಿಸಿ 8 ಓಮ್ಸ್ ಮಾಡಿದೆವು. ಸದ್ದು ಸ್ವಲ್ಪ ಕಮ್ಮಿಯಾಯಿತು, ಆಂಪ್ ತಣ್ಣಗಾಯಿತು. ‘ಹೋಗಿದೆ’ ಎನ್ನಿಸಿಕೊಂಡ ಆಂಪ್ ಇವತ್ತಿಗೂ ಅದೇ.

ಇಷ್ಟೆಲ್ಲ ಆದ ಮೇಲೆ ಮಾಮು ಬಾನೆಟ್ ಎತ್ತಿ, ಬ್ಯಾಟರಿಯಿಂದ ಹೊರಟ ಕೆಂಪು ವೈರನ್ನು ಬೆರಳಿನಲ್ಲಿ ಹಿಡಿದು ನಡೆದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಭಾಯಿಯನ್ನು ಕರೆದು ‘ಇಲ್ಲಿ ನೋಡು ಬೇಟಾ’ ಎಂದರು. ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ವೈರ್ ತೂರಿಸಿದ್ದರು. ತಗಡಿನ ಅಂಚು ಪ್ಲಾಸ್ಟಿಕ್ ತೊಗಲನ್ನು ಅರ್ಧ ತಿಂದಿತ್ತು. ಒಳಗಿನ ಎಳೆ ತಗಡಿಗೆ ತಾಗಿದ್ದರೆ ಬ್ಯಾಟರಿಯ ಕರೆಂಟೆಲ್ಲ ಒಮ್ಮೆಗೇ ಆ ವೈರಿನಲ್ಲಿ ನುಗ್ಗಿ, ಅದು ಕೆಂಪಗೆ ಕಾದು ಪಕ್ಕದ ಮ್ಯಾಟು, ಸೀಟಿಗೆ ಬೆಂಕಿ ಹತ್ತುತ್ತಿತ್ತು. ಆಂಪಿನ ಮೇಲಿನ ಫ್ಯೂಸ್ ಆಂಪನ್ನು ಕಾಯುತ್ತದೆ. ಬ್ಯಾಟರಿಯಿಂದ ಡಿಕ್ಕಿಯವರೆಗಿನ ವೈರನ್ನು ಕಾಯುವುದು ಬ್ಯಾಟರಿ ಹತ್ತಿರದ ಫ್ಯೂಸ್ ಮಾತ್ರ, ಅದೂ ಬ್ಯಾಟರಿಯಿಂದ ಒಂದು ಮೊಳದೊಳಗೆ ಇರಬೇಕು. ಬ್ಯಾಟರಿ ಸತ್ತರೆ ಗಾಡಿ ನಿಲ್ಲುತ್ತದೆ, ಬಯ್ಯಬಹುದು. ಇದು ಹಾಗಲ್ಲ. ಹಿಂದಿನ ಸೀಟಿನಲ್ಲಿ ಕೂರುವವರು ಬೇಗ ಇಳಿದು ಓಡಲಾರದ ಖಾಲಾ. ವೈರ್ ಬದಲಾಯಿಸಿ, ಬುಷ್ ಹಾಕಿ, 30 ಆಂಪಿಯರ್ ಫ್ಯೂಸ್ ಕೂರಿಸುವವರೆಗೆ ಭಾಯಿ ಟೀ ಕೂಡ ಮುಟ್ಟಲಿಲ್ಲ.

ಕುಯ್ಯ್ ರಾಗದ ಕಥೆ ಚಿಕ್ಕದು. ಹಾಡಿನ ಸಣ್ಣ ವೈರನ್ನೂ ಪವರ್ ವೈರನ್ನೂ ಒಂದೇ ಕಟ್ಟಿನಲ್ಲಿ ಎಳೆದಿದ್ದರು, ಜೊತೆಗೆ ಅರ್ಥ್ ಬೇರೆ ಕೆಟ್ಟಿತ್ತು. ಆಲ್ಟರ್‌ನೇಟರಿನ ಗಲಾಟೆ ಹಾಡಿನೊಳಗೆ ನುಸುಳುತ್ತಿತ್ತು. ಒಂದನ್ನು ಎಡಬದಿಗೆ, ಇನ್ನೊಂದನ್ನು ಬಲಬದಿಗೆ ಹಾಕಿದ ಮೇಲೆ ಹೋಯಿತು. ಆಂಪಿನ ಗೇನ್ ತಿರುಪು ವಾಲ್ಯೂಮ್ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸ್ಟೀರಿಯೋವನ್ನು ಮುಕ್ಕಾಲು ಇಟ್ಟು, ಸದ್ದು ಒಡೆಯುವವರೆಗೆ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಹಿಂದೆ ಬಂದು ಬಿಡಬೇಕು. ಆಮೇಲೆ ಅದನ್ನು ಮುಟ್ಟಬಾರದು.

ಈಗ ಲೆಕ್ಕ, ಸರ್. ಹೊಸ ಬ್ಯಾಟರಿ, ಹೊಸ ಆಂಪ್ ಎಂದಿದ್ದರೆ 12,300. ನಮಗೆ ಆದದ್ದು: ಒಳ್ಳೆ ತಾಮ್ರದ ವೈರ್ 900, ಫ್ಯೂಸ್ ಮತ್ತು ಹೋಲ್ಡರ್ 180, ಬುಷ್, ಲಗ್, ಟೇಪು, ಉಪ್ಪುಕಾಗದ ಸೇರಿ 140. ಒಟ್ಟು 1,220. ಮಾಮು ಕೂಲಿ ತೆಗೆದುಕೊಳ್ಳಲಿಲ್ಲ. ಲೆಕ್ಕದಲ್ಲಿ ಅದನ್ನು ಎಲ್ಲಿ ತೋರಿಸಬೇಕೋ ನೀವೇ ಹೇಳಬೇಕು. ಕೂರಿಸಿದ ಅಂಗಡಿಗೆ ಭಾಯಿ ಹೋಗಿ ಕೇಳಿದರೆ ‘ನಾವು ಕೂರಿಸಿದ್ದು ಅನ್ನೋದಕ್ಕೆ ಏನಿದೆ?’ ಎಂದರಂತೆ. ಏನೂ ಇರಲಿಲ್ಲ. ಬಿಲ್ ಕೇಳಿ ಪಡೆಯುವುದು ಗ್ರಾಹಕನ ಜವಾಬ್ದಾರಿ ಎಂದು ನಮ್ಮ ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ಇದೆ. ಅದನ್ನು ನಾವು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತೇವೆ. 11,000 ರೂಪಾಯಿಯ ಸಾಮಾನಿಗೆ ಅದು ಎಷ್ಟು ಅಂಕದ್ದು ಎಂದು ಆ ದಿನ ತಿಳಿಯಿತು.

ಅಬ್ಬಾ ಡಬ್ಬ ಮಾರು ಎಂಬ ಮಾತನ್ನು ಮತ್ತೆ ಎತ್ತಿಲ್ಲ, ಒಳ್ಳೆಯದು ಎಂದೂ ಹೇಳಿಲ್ಲ. ಒಂದು ಕರಾರು ಹಾಕಿದ್ದಾರೆ: ನಮ್ಮ ಬೀದಿಗೆ ತಿರುಗುವ ಮೊದಲೇ ವೂಫರ್ ಬಂದ್. ಕಾನೂನೂ ಅಬ್ಬಾ ಕಡೆಗೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲಾ ಕಾಲೇಜುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಮ್ಮ ಕಾಲೇಜಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಹಾಡು ಹಚ್ಚುವ ಮಿತ್ರರಿಗೂ ಇದು ಅನ್ವಯಿಸುತ್ತದೆ.

ಒಂದು ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಒಂದು ನಿರ್ದಿಷ್ಟ ಸ್ವರ ಬಂದಾಗ ಹಿಂದೆ ಎಲ್ಲೋ ಜರ್ರ್ ಎನ್ನುತ್ತದೆ. ನಂಬರ್ ಪ್ಲೇಟಿನ ಹಿಂದೆ ಸ್ಪಂಜು ಅಂಟಿಸಿದೆ, ಸ್ಟೆಪ್ನಿ ಬಿಗಿ ಮಾಡಿದೆ, ಜಾಕಿಗೆ ಬಟ್ಟೆ ಸುತ್ತಿದೆ. ಹೋಗಿಲ್ಲ. ಕಳೆದ ಗುರುವಾರ ತುಮಕೂರಿನಿಂದ ಬರುವಾಗ ಖಾಲಾ ತಾವೇ ‘ಆ ಹಾಡು ಹಾಕೋ’ ಎಂದರಂತೆ. ಸ್ವಲ್ಪ ಹೊತ್ತು ಕೇಳಿ, ‘ಸದ್ದು ನನ್ನ ಬಲಗಡೆ ಬಾಗಿಲಿನಿಂದ ಬರ್ತಿದೆ, ಡಿಕ್ಕಿಯಿಂದ ಅಲ್ಲ’ ಎಂದು ಹೇಳಿದ್ದಾರೆ. ಈ ಭಾನುವಾರ ಆ ಬಾಗಿಲು ಬಿಚ್ಚುತ್ತೇವೆ.